ಹುಷಾರಾಗಿದ್ದೀರಾ?



ಹೊಸ ವರ್ಷದ ಕ್ಯಾಲೆಂಡರ್ ನಿಮ್ಮ ಮನೆಯ ಗೋಡೆಗೂ ಬಂದಿರಬೇಕು. ಶುಭಾಶಯಗಳ ವಿನಿಮಯವೂ ಮುಗಿದಿರಬೇಕು. ನಮ್ಮ ಹಿರಿಯರ ಕಾಲಿಗೆ ಎರಗಿದಾಗ ಅವರು “ಆಯುರಾರೋಗ್ಯ ಐಶ್ವರ್ಯಾದಿಗಳು ಲಭಿಸಲಿ” ಎಂದು ಹರಸುತ್ತಾರಲ್ಲ, ಆ ಮಾತಿನ ಕ್ರಮವನ್ನು ಎಂದಾದರೂ ಗಮನಿಸಿದ್ದೀರಾ? ಆಯುಷ್ಯ ಮೊದಲು, ಆರೋಗ್ಯ ಎರಡನೆಯದು, ಐಶ್ವರ್ಯ ಮೂರನೆಯದು. ಹರಸುವಾಗ ಇರುವ ಈ ಕ್ರಮವನ್ನು ಬದುಕುವಾಗ ಮಾತ್ರ ನಾವೆಲ್ಲ ತಲೆಕೆಳಗು ಮಾಡಿಕೊಂಡಿದ್ದೇವೆ. ಈ ತಿಂಗಳು ಅದನ್ನು ಕುರಿತೇ ನಿಮ್ಮೊಡನೆ ನಾಲ್ಕು ಮಾತು.

ಮೊದಲು ಒಂದು ಪದ. ನೀವು ಮುಂಬಯಿಯ ಶಾಲೆಗಳಲ್ಲಿ ಮರಾಠಿ ಓದಿದವರು. ಮರಾಠಿಯಲ್ಲಿ ‘ಹುಶಾರ್’ ಎಂದರೆ ಬುದ್ಧಿವಂತ. ಹಿಂದಿಯ ‘ಹೋಶಿಯಾರ್’ ಎಂದರೆ ಜಾಣ, ಎಚ್ಚರವಾಗಿರುವವನು. ಅದೇ ಪದ ಕನ್ನಡಕ್ಕೆ ಬಂದು ಇನ್ನೊಂದು ಅರ್ಥವನ್ನೂ ಪಡೆಯಿತು. “ರಸ್ತೆ ದಾಟುವಾಗ ಹುಷಾರು” ಎಂದರೆ ಎಚ್ಚರ. “ಮಗು ಈಗ ಹುಷಾರಾಗಿದೆ” ಎಂದರೆ ಜ್ವರ ಬಿಟ್ಟಿದೆ, ಗುಣವಾಗಿದೆ. “ಹುಷಾರಿಲ್ಲ” ಎಂದರೆ ಕಾಯಿಲೆ. ಎಚ್ಚರಕ್ಕೂ ಆರೋಗ್ಯಕ್ಕೂ ನಮ್ಮ ಮನೆಮಾತಿನಲ್ಲಿ ಒಂದೇ ಪದ. ತನ್ನ ಮೈಮನಗಳ ಕಡೆ ತಾನೇ ಗಮನ ಕೊಡುವವನು ಹುಷಾರಾಗಿರುತ್ತಾನೆ ಎಂಬ ವಿವೇಕ ಆ ಪದದಲ್ಲೇ ಅಡಗಿದೆ. ನೀವು ಇಂಗ್ಲಿಷಿನಲ್ಲಿ ‘ಸೆಲ್ಫ್ ಕೇರ್’ ಎನ್ನುವುದು ನಮಗೆ ಹೊಸದೇನಲ್ಲ.

ಆದರೆ ಈ ಸೆಲ್ಫ್ ಕೇರ್ ಎಂಬುದು ಇಂದು ನಿಮ್ಮ ಕೈಗೆ ಸಿಗುತ್ತಿರುವುದು ಹೇಗೆ? ಮೊಬೈಲ್ ತೆರೆದರೆ ಜಾಹೀರಾತು. ಸುವಾಸನೆಯ ಮೇಣದ ಬತ್ತಿ ಕೊಳ್ಳಿ, ಮುಖಕ್ಕೆ ಲೇಪ ಕೊಳ್ಳಿ, ವರ್ಷದ ಜಿಮ್ ಶುಲ್ಕ ಒಟ್ಟಿಗೆ ಕಟ್ಟಿ ರಿಯಾಯಿತಿ ಪಡೆಯಿರಿ. ಅಂಗಡಿಯವನ ಪ್ರಕಾರ ಅದು ಕೊಳ್ಳುವ ವಸ್ತು. ಇತ್ತ ಮನೆಯಲ್ಲಿ ಭಾನುವಾರ ಸ್ವಲ್ಪ ಹೆಚ್ಚು ಮಲಗಿದರೆ ಸಾಕು, “ಇಷ್ಟು ಹೊತ್ತು ಮಲಗುವುದಾ? ನಿನ್ನ ವಯಸ್ಸಿನಲ್ಲಿ ನಾವು...” ಎಂದು ಅಪ್ಪನ ಪುರಾಣ ಶುರುವಾಗುತ್ತದೆ. ಅಪ್ಪನ ಪ್ರಕಾರ ಅದು ಸೋಮಾರಿತನ. ನಾನು ಹೇಳಬೇಕೆಂದಿರುವುದು ಇಷ್ಟೇ: ತನ್ನನ್ನು ತಾನು ನೋಡಿಕೊಳ್ಳುವುದು ಕೊಳ್ಳುವ ವಸ್ತುವೂ ಅಲ್ಲ, ಸೋಮಾರಿತನವೂ ಅಲ್ಲ. ಅದು ಹಲ್ಲುಜ್ಜುವಂತೆ ದಿನನಿತ್ಯದ ಕೆಲಸ. ಅದರಲ್ಲಿ ಕಷ್ಟವಾದ ಭಾಗ ಒಂದೇ. ಹುಷಾರಿಲ್ಲದಾಗ “ಹುಷಾರಿಲ್ಲ” ಎಂದು ಹೊತ್ತಿಗೆ ಸರಿಯಾಗಿ ಬಾಯಿಬಿಟ್ಟು ಹೇಳುವುದು.

ಅಪ್ಪನ ಮಾತಿಗೆ ಸಿಟ್ಟು ಮಾಡಿಕೊಳ್ಳುವ ಮೊದಲು ಅದು ಎಲ್ಲಿಂದ ಬಂತೆಂದು ಸ್ವಲ್ಪ ತಿಳಿಯಿರಿ. ಈ ನಗರಕ್ಕೆ ಬಂದ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿದವರು. ಅಂಗಡಿ ಮುಚ್ಚಿದ ಮೇಲೆ ಮೇಜಿನ ಮೇಲೆಯೇ ಹಾಸಿಗೆ ಬಿಡಿಸಿದವರು. ಊರಿಗೆ ತಿಂಗಳು ತಿಂಗಳು ಮನಿ ಆರ್ಡರ್ ಹೋಗಬೇಕಿತ್ತು. ಅಂಥವರಿಗೆ ವಿಶ್ರಾಂತಿಯ ಮಾತೇ ಇರಲಿಲ್ಲ. ದಣಿವನ್ನು ಲೆಕ್ಕಿಸದೆ ದುಡಿದದ್ದರಿಂದಲೇ ಇಂದು ನಮಗೆಲ್ಲ ಒಂದು ಸೂರು ಇದೆ. ಆ ಋಣ ದೊಡ್ಡದು. ಹಾಗೆಂದು ಅವರ ದಣಿವನ್ನೂ ನಾವು ಆಸ್ತಿಯಂತೆ ಪಡೆದುಕೊಳ್ಳಬೇಕಿಲ್ಲ. ಅವರಲ್ಲಿ ಬಹಳ ಜನ ಐವತ್ತರ ಹೊಸ್ತಿಲಲ್ಲೇ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಹೊತ್ತುಕೊಂಡರೆಂಬುದನ್ನೂ ನಾವು ಕಂಡಿದ್ದೇವೆ.

ಇನ್ನು ಜನವರಿಯ ಸಂಕಲ್ಪಗಳ ಮಾತು. ನಾವು ಕನ್ನಡಿಗರು ‘ಆರಂಭಶೂರತ್ವ’ ಎಂಬ ಒಳ್ಳೆಯ ಪದವನ್ನು ಇಟ್ಟುಕೊಂಡಿದ್ದೇವೆ. ಒಂದನೆಯ ತಾರೀಕು ಬೆಳಿಗ್ಗೆ ಐದಕ್ಕೆ ಎದ್ದು ಆರು ಕಿಲೋಮೀಟರ್ ಓಡುವುದು, ಎಂಟನೆಯ ತಾರೀಕು ಮಂಡಿನೋವು, ಹದಿನೈದಕ್ಕೆ ಎಲ್ಲ ಮೊದಲಿನಂತೆ. ಮನಸ್ಸು ದುರ್ಬಲವೆಂದು ಹೀಗಾಗುವುದಲ್ಲ. ಸಂಕಲ್ಪವೇ ನಮ್ಮ ಅಳತೆಯದಾಗಿರುವುದಿಲ್ಲ.

ಈ ಅಳತೆಯ ವಿಷಯದಲ್ಲಿ ನನಗೆ ನೆನಪಾಗುವುದು ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರರು. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ನರಳಿದ ಕೃಶ ಹುಡುಗ. ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಕಲಿಸಲೆಂದು ಪುಣೆಗೆ ಬಂದು ಅಲ್ಲೇ ನೆಲೆಸಿದರು. 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ಅವರು ಜಗತ್ತಿಗೆ ಕಲಿಸಿದ ದೊಡ್ಡ ಪಾಠ ಒಂದಿದೆ. ಬಾಗಲಾರದವನಿಗೆ ಒಂದು ಮರದ ಇಟ್ಟಿಗೆ, ಕೈ ಎಟುಕದವನಿಗೆ ಒಂದು ಪಟ್ಟಿ, ನಿಲ್ಲಲಾರದವನಿಗೆ ಒಂದು ಕುರ್ಚಿ. ಆಸನವನ್ನೇ ಅವನ ಮೈಗೆ ಹತ್ತಿರ ತಂದರು. ನಿಮ್ಮ ಸಂಕಲ್ಪಕ್ಕೂ ಅದೇ ನ್ಯಾಯ ಇರಲಿ. ಅರ್ಧ ಗಂಟೆ ಆಗದಿದ್ದರೆ ಹತ್ತು ನಿಮಿಷ ಮಾಡಿ, ಆದರೆ ನಾಳೆಯೂ ಮಾಡಿ.

ಈಗ ಮೈಯ ಕಡೆ ನೋಡೋಣ. ನಾನು ಗೃಹಿಣಿ, ವೈದ್ಯೆಯಲ್ಲ. ಮನೆಯಲ್ಲಿ ಮಾಡಬಹುದಾದ, ಖರ್ಚಿಲ್ಲದ ಕೆಲವನ್ನಷ್ಟೇ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ನಿದ್ದೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ, 13ರಿಂದ 18ರ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಡೊಂಬಿವಲಿಯಲ್ಲೋ ವಿರಾರಿನಲ್ಲೋ ಇದ್ದು ಬೆಳಿಗ್ಗೆ ಆರೂವರೆಯ ಲೋಕಲ್ ಹಿಡಿಯುವವರಿಗೆ ಏಳು ಗಂಟೆ ಸಿಗಬೇಕಾದರೆ ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಆರುತ್ತದೆಯೇ? ಮನೆಯ ದೀಪ ಆರುತ್ತದೆ, ಕೈಯೊಳಗಿನ ಮೊಬೈಲ್ ದೀಪ ಆರುವುದಿಲ್ಲ. ಇದಕ್ಕೆ ನಾನು ಕಂಡ ಸುಲಭ ಉಪಾಯವೆಂದರೆ ಮೊಬೈಲ್ ಚಾರ್ಜ್ ಮಾಡುವ ಜಾಗವನ್ನು ಅಡುಗೆಮನೆಗೆ ಬದಲಾಯಿಸುವುದು. ಬೆಳಿಗ್ಗೆ ಏಳಲು ಎಂದಿನ ಅಲಾರಂ ಗಡಿಯಾರ ಸಾಕು. ಮೊಬೈಲ್ ಬಿಟ್ಟಿರಲು ನಿಜವಾಗಿಯೂ ಆಗುತ್ತಿಲ್ಲವೆಂದಾದರೆ ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದಕ್ಕೆಂದೇ 2014ರಲ್ಲಿ ‘ಶಟ್ ಕ್ಲಿನಿಕ್’ ಎಂಬ ವಿಭಾಗವನ್ನು ತೆರೆಯಿತು. ತೊಂದರೆ ನಿಮ್ಮೊಬ್ಬರದೇ ಅಲ್ಲವೆಂದು ಇದರಿಂದಲೇ ತಿಳಿಯಬಹುದು.

ನಿದ್ದೆಗೆ ಇನ್ನೊಬ್ಬ ಶತ್ರು ನಮಗೆಲ್ಲ ಪ್ರಿಯವಾದ ಫಿಲ್ಟರ್ ಕಾಫಿ. ನಾನೇ ಅದರ ಭಕ್ತೆ, ಆದ್ದರಿಂದ ಬಿಡಿ ಎನ್ನಲಾರೆ. ಆದರೆ ಕಾಫಿಯಲ್ಲಿರುವ ಕೆಫೀನ್ ಕುಡಿದ ಐದು ಗಂಟೆಗಳ ನಂತರವೂ ಸುಮಾರು ಅರ್ಧದಷ್ಟು ಮೈಯಲ್ಲಿ ಉಳಿದಿರುತ್ತದೆ. ಸಂಜೆ ಏಳಕ್ಕೆ ಆಫೀಸಿನಿಂದ ಬಂದು ಕುಡಿದ ಕಾಫಿ ಮಧ್ಯರಾತ್ರಿಯವರೆಗೂ ನಿಮ್ಮನ್ನು ಮಾತಾಡಿಸುತ್ತಿರುತ್ತದೆ. ನಾಲ್ಕು ಗಂಟೆಯ ಕಾಫಿಯೇ ದಿನದ ಕೊನೆಯದಾಗಲಿ.

ಎರಡನೆಯದು ಊಟ. “ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆ ನಿಮಗೆ ಗೊತ್ತೇ ಇದೆ. ಇಲ್ಲಿ ‘ಬಲ್ಲವನು’ ಎಂದಿದೆಯೇ ಹೊರತು ‘ಬಿಟ್ಟವನು’ ಎಂದಿಲ್ಲ. ತೆಳ್ಳಗಾಗಬೇಕೆಂದು ಬೆಳಗಿನ ತಿಂಡಿ ಬಿಟ್ಟು, ಹನ್ನೊಂದು ಗಂಟೆಗೆ ಹಸಿವು ತಾಳಲಾರದೆ ಸ್ಟೇಷನ್ ಹೊರಗೆ ಎರಡು ವಡಾಪಾವ್ ತಿನ್ನುವ ಹುಡುಗಿಯರನ್ನು ಕಂಡಿದ್ದೇನೆ. ಬೆಳಿಗ್ಗೆ ಒಂದು ತಟ್ಟೆ ಅವಲಕ್ಕಿಯೋ ಉಪ್ಪಿಟ್ಟೋ ತಿಂದು ಹೊರಟರೆ ಈ ಗೋಳಿಲ್ಲ. ನಮ್ಮ ಹಳೆಯ ರಾಗಿಯನ್ನೂ ಮರೆಯಬೇಡಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ದೊಡ್ಡ ಹೋಟೆಲುಗಳೂ ರಾಗಿ ಬಡಿಸಿದವು. ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಮಾಡಲು ಹತ್ತು ನಿಮಿಷ ಸಾಕು. ಹುಡುಗರೂ ಕಲಿಯಬಹುದು, ಕಲಿಯಬೇಕು.

ಹುಡುಗಿಯರಿಗೆ ಇದರಲ್ಲೇ ಒಂದು ಮುಖ್ಯವಾದ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಅಂದರೆ ಅರ್ಧಕ್ಕಿಂತ ಹೆಚ್ಚು. ರಕ್ತ ಕಡಿಮೆಯಾದರೆ ಮೆಟ್ಟಿಲು ಹತ್ತುವಾಗ ಏದುಸಿರು, ಸದಾ ಆಯಾಸ, ಯಾವ ಕೆಲಸಕ್ಕೂ ಮನಸ್ಸಿಲ್ಲದಿರುವುದು, ಸಿಡಿಮಿಡಿ. ಇದನ್ನೇ ಮನೆಯವರು ‘ಮೈಗಳ್ಳತನ’ ಎನ್ನುತ್ತಾರೆ, ನೀವು ‘ಡಿಪ್ರೆಶನ್’ ಎಂದುಕೊಳ್ಳುತ್ತೀರಿ. ಥೈರಾಯಿಡ್ ತೊಂದರೆಯಿಂದಲೂ, ಸಸ್ಯಾಹಾರಿಗಳಲ್ಲಿ ಬಿ-12 ಕೊರತೆಯಿಂದಲೂ ಹೀಗೆಯೇ ಆಗಬಹುದು. ವೈದ್ಯರನ್ನು ಕೇಳಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ. ಊಟದಲ್ಲಿ ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿಕೊಳ್ಳಿ, ಕಬ್ಬಿಣದಂಶ ಮೈಗೆ ಹತ್ತಲು ಅದು ಸಹಾಯ ಮಾಡುತ್ತದೆ. ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಕಾಫಿ, ಚಹಾ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಹೇಳುತ್ತದೆ. ಕಬ್ಬಿಣದಂಶ ಮೈಗೆ ಸೇರುವುದಕ್ಕೆ ಅವು ಅಡ್ಡಿ.

ಮೂರನೆಯದು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕು. ಹೆದರಬೇಡಿ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ 150 ಆಯಿತು. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಮಾಟುಂಗಾದ ಫೈವ್ ಗಾರ್ಡನ್ಸ್, ದಾದರಿನ ಶಿವಾಜಿ ಪಾರ್ಕ್, ಠಾಣೆಯ ತಲಾವ್ ಪಾಳಿ, ಬೊರಿವಲಿಯ ರಾಷ್ಟ್ರೀಯ ಉದ್ಯಾನ, ಎಲ್ಲಿ ನಿಮಗೆ ಹತ್ತಿರವೋ ಅಲ್ಲಿ. ಜನವರಿಯ ತಂಪು ಮುಂಬಯಿಯಲ್ಲಿ ನಡೆಯಲು ಹೇಳಿ ಮಾಡಿಸಿದ್ದು. ಆದರೆ ಕೆಲವು ಬೆಳಗು ಹೊಗೆಮಂಜು ದಟ್ಟವಾಗಿ ಕವಿದಿರುತ್ತದೆ. ಅಂಥ ದಿನ ಮನೆಯೊಳಗೇ ಹನ್ನೆರಡು ಸೂರ್ಯನಮಸ್ಕಾರ ಹಾಕಿ.

ನಾಲ್ಕನೆಯದನ್ನು ಕೇಳಿ ನೀವು ನಗಬಹುದು. ಎಣ್ಣೆ ಸ್ನಾನ. ಯುಗಾದಿ, ದೀಪಾವಳಿಗಳಲ್ಲಿ ಮಣೆ ಹಾಕಿ ಕೂರಿಸಿ ಅಮ್ಮ ನೆತ್ತಿಗೆ ಎಣ್ಣೆ ತಟ್ಟುತ್ತಾಳಲ್ಲ, ಅದು ಹಬ್ಬಕ್ಕೆ ಮಾತ್ರ ಎಂದು ಯಾರು ಹೇಳಿದರು? ಹಿಂದೆ ವಾರಕ್ಕೊಮ್ಮೆ ಇದು ನಡೆಯುತ್ತಿತ್ತು. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಬೆಚ್ಚಗೆ ಮಾಡಿ ಹಚ್ಚಿಕೊಂಡು ಅರ್ಧ ಗಂಟೆ ಸುಮ್ಮನೆ ಕುಳಿತಿರಬೇಕು. ಎಣ್ಣೆ ಕೈಯಲ್ಲಿ ಮೊಬೈಲ್ ಮುಟ್ಟಲಾಗದು, ಅದೇ ದೊಡ್ಡ ಲಾಭ! ಆಮೇಲೆ ಸೀಗೆಪುಡಿ, ಬಿಸಿನೀರು, ಒಂದು ಒಳ್ಳೆಯ ನಿದ್ದೆ. ಬಚ್ಚಲ ನೆಲ ಜಾರುತ್ತದೆ, ಅಲ್ಲಿ ಮಾತ್ರ ಹುಷಾರು. ಬೆನ್ನಿಗೆ ಎಣ್ಣೆ ಹಚ್ಚಲು ಅಮ್ಮನನ್ನು ಕರೆಯಿರಿ. ಮುಖ ನೋಡದೆ ಮಾತನಾಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗದು. ಎದುರು ಬದುರು ಕುಳಿತು ಹೇಳಲಾಗದ್ದನ್ನು ಬೆನ್ನು ಹಾಕಿ ಕುಳಿತಾಗ ಹೇಳಬಹುದು.

ಹೇಳುವುದು ಎಂದೆನಲ್ಲ, ಅದೇ ಈ ತಿಂಗಳ ಮುಖ್ಯ ವಿಷಯ. ನಿಮ್ಮಲ್ಲಿ ಬಹಳ ಮಂದಿಯ ಕಷ್ಟ ಏನೆಂದು ನಾನು ಬಲ್ಲೆ. ಮನಸ್ಸಿಗೆ ಆದದ್ದನ್ನು ನೀವು ಇಂಗ್ಲಿಷಿನಲ್ಲಿ ಅನುಭವಿಸುತ್ತೀರಿ, ಹಿಂದಿಯಲ್ಲಿ ಗೆಳೆಯರೊಡನೆ ಹಂಚಿಕೊಳ್ಳುತ್ತೀರಿ. ಮನೆಗೆ ಬಂದಾಗ ಅದಕ್ಕೆ ಕನ್ನಡದ ಪದ ಸಿಗುವುದಿಲ್ಲ. ಊಟ ಬೇಕು, ಬೇಡ, ಹೋಗಿ ಬರ್ತೀನಿ, ಇಷ್ಟಕ್ಕೆ ನಿಮ್ಮ ಮನೆಯ ಕನ್ನಡ ನಿಂತುಹೋಗಿರುತ್ತದೆ. “ಐ ಆಮ್ ಆಂಕ್ಷಿಯಸ್” ಎಂದರೆ ಅಮ್ಮನಿಗೆ ಅದು ಕಾಲೇಜಿನ ಮಾತಾಗಿ ಕೇಳಿಸುತ್ತದೆ. ಕೊನೆಗೆ “ಬೇಜಾರು” ಎನ್ನುತ್ತೀರಿ. ಬೇಜಾರು ಎಂದರೆ ಏನು ಬೇಕಾದರೂ ಆಗಬಹುದು. ಮಳೆ ಬಂದು ಪಿಕ್ನಿಕ್ ತಪ್ಪಿದರೂ ಬೇಜಾರೇ. ಅಮ್ಮ “ಸ್ವಲ್ಪ ಟಿ.ವಿ. ನೋಡು” ಎಂದುಬಿಡುತ್ತಾಳೆ. ತಪ್ಪು ಅವಳದೂ ಅಲ್ಲ, ನಿಮ್ಮದೂ ಅಲ್ಲ. ಪದದ ಬಡತನ.

ಆದ್ದರಿಂದ ಈ ವರ್ಷ ಕೆಲವು ಪದಗಳನ್ನು ಕಲಿಯಿರಿ. ಎದೆಯ ಮೇಲೆ ಭಾರ ಕುಳಿತಂತಹ ದುಃಖ ‘ದುಗುಡ’. ಮುಂದೆ ಏನಾಗುವುದೋ ಎಂಬ ಚಿಂತೆ ‘ಕಳವಳ’. ನಿಂತಲ್ಲಿ ನಿಲ್ಲಲಾಗದೆ ಒಳಗೆಲ್ಲ ಮಗುಚಿ ಹಾಕಿದಂತಾದರೆ ‘ತಳಮಳ’. ಇದ್ದಕ್ಕಿದ್ದಂತೆ ಕವಿಯುವ ಹೆದರಿಕೆ ‘ದಿಗಿಲು’. ‘ಸಂಕಟ’ ಎಂಬ ಪದ ಹೊಟ್ಟೆಗೂ ಸಲ್ಲುತ್ತದೆ, ಮನಸ್ಸಿಗೂ ಸಲ್ಲುತ್ತದೆ. ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ಕಿವುಚಿದವರಿಗೆ ಅದು ಏಕೆಂದು ವಿವರಿಸಬೇಕಿಲ್ಲ. ಆಂಗ್‌ಜೈಟಿಗೆ ವೈದ್ಯರ ಕನ್ನಡ ‘ಆತಂಕ’, ಡಿಪ್ರೆಶನ್‌ಗೆ ‘ಖಿನ್ನತೆ’. ಪದ ಸಿಕ್ಕ ಕೂಡಲೇ ಕಾಯಿಲೆ ವಾಸಿಯಾಗದು, ನಿಜ. ಆದರೆ ಹೇಳಿದ್ದು ಅಮ್ಮನ ಕಿವಿಗಷ್ಟೇ ಅಲ್ಲ, ಮನಸ್ಸಿಗೂ ಮುಟ್ಟುತ್ತದೆ.

ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಸಿ.ಎ. ಓದುತ್ತಿದ್ದಳು. ಹಗಲು ಆರ್ಟಿಕಲ್‌ಶಿಪ್, ರಾತ್ರಿ ಓದು. ಹೆಪ್ಪಿಗೆ ಮೊಸರು ಕೇಳಲು ಬಂದರೆ ಹತ್ತು ನಿಮಿಷ ಹರಟೆ ಹೊಡೆಯದೆ ಹೋಗುತ್ತಿರಲಿಲ್ಲ. ಒಂದು ಮಳೆಗಾಲದಿಂದ ಬರುವುದೇ ನಿಂತಿತು. ತಲೆನೋವೆಂದಳು, ಕನ್ನಡಕ ಬದಲಾಯಿತು. ಬೇಜಾರೆಂದಳು, ಮೂರು ದಿನ ಲೋಣಾವಳಾಕ್ಕೆ ಕರೆದುಕೊಂಡು ಹೋದರು. ಯಾವುದರಿಂದಲೂ ಗುಣ ಕಾಣಲಿಲ್ಲ. ಕೊನೆಗೆ ಒಂದು ರಾತ್ರಿ ತಾಯಿಯ ಪಕ್ಕದಲ್ಲಿ ಮಲಗಿ, ಕತ್ತಲಲ್ಲಿ ಹೇಳಿದಳಂತೆ: “ಅಮ್ಮಾ, ಎರಡು ತಿಂಗಳಿಂದ ನಾನು ಸರಿಯಾಗಿ ಮಲಗಿಲ್ಲ. ಬೆಳಿಗ್ಗೆ ಏಳೋದಕ್ಕೇ ಇಷ್ಟ ಆಗಲ್ಲ. ಪುಸ್ತಕ ತೆಗೆದರೆ ಅಳು ಬರತ್ತೆ. ನನ್ನ ಜೊತೆ ಡಾಕ್ಟರ ಹತ್ರ ಬರ್ತೀಯಾ?” ತಾಯಿ ಮೊದಲು “ದೃಷ್ಟಿ ತಾಗಿದೆ” ಎಂದು ಉಪ್ಪು ನಿವಾಳಿಸಿದರು. ಆದರೆ ಮಾರನೆಯ ದಿನ ಡಾಕ್ಟರ ಹತ್ತಿರಕ್ಕೂ ಹೋದರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಎಂಟೂವರೆ. ಅದಕ್ಕೆ ಮಾತ್ರೆ. ಜೊತೆಗೆ ಖಿನ್ನತೆಯೂ ಇದೆಯೆಂದು ಮನೋವೈದ್ಯರ ಬಳಿ ಕಳಿಸಿದರು. ಆ ವರ್ಷದ ಪರೀಕ್ಷೆ ಬಿಟ್ಟಳು. ನೆಂಟರಿಗೆ ಏನು ಹೇಳುವುದೆಂದು ತಂದೆಗೆ ಒಂದಿಷ್ಟು ದಿನ ಚಿಂತೆಯಾಯಿತು. ನೆಂಟರು ಒಂದು ವಾರ ಮಾತಾಡಿಕೊಂಡು ಮರೆತರು. ಈಗ ಅವಳು ಮತ್ತೆ ಓದುತ್ತಿದ್ದಾಳೆ. ಕೆಲವು ದಿನ ಚೆನ್ನಾಗಿರುತ್ತಾಳೆ, ಕೆಲವು ದಿನ ಇಲ್ಲ. ಹೆಪ್ಪು ಕೇಳಲು ಮಾತ್ರ ಬರುತ್ತಾಳೆ.

ಅವಳು ತಾಯಿಗೆ ಹೇಳಿದ ಆ ನಾಲ್ಕು ವಾಕ್ಯಗಳನ್ನು ಇನ್ನೊಮ್ಮೆ ಓದಿ. ಎಷ್ಟು ದಿನದಿಂದ, ಏನೇನಾಗುತ್ತಿದೆ, ನನಗೆ ನಿನ್ನಿಂದ ಏನು ಬೇಕು. ಮೂರೂ ಇವೆ. ಹೇಳಲು ಕುಳಿತಾಗ ನೀವೂ ಈ ಮೂರನ್ನು ಇಟ್ಟುಕೊಳ್ಳಿ. ಮೊದಲ ಸಲ ಹೇಳಿದಾಗ ಮನೆಯವರಿಗೆ ಅರ್ಥವಾಗದಿದ್ದರೆ ಎರಡನೆಯ ಸಲ ಹೇಳಿ. ಅಮ್ಮನಿಗೆ ಆಗದಿದ್ದರೆ ಅತ್ತೆಗೆ, ಚಿಕ್ಕಪ್ಪನಿಗೆ, ಅಕ್ಕನಿಗೆ, ನಂಬುಗೆಯ ಯಾವ ಹಿರಿಯರಿಗಾದರೂ ಸರಿ. ಒಂದೆರಡು ದಿನದ ದುಗುಡ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಬೇಡವೆನಿಸಿದರೆ, ನಿದ್ದೆ, ಹಸಿವು ಏರುಪೇರಾಗಿದ್ದರೆ, ಅದು ವೈದ್ಯರಿಗೆ ತೋರಿಸಬೇಕಾದ ವಿಷಯ. ನಡಿಗೆ, ಎಣ್ಣೆ ಸ್ನಾನಗಳು ಅದಕ್ಕೆ ಜೊತೆಯಾದಾವು, ಔಷಧಕ್ಕೆ ಬದಲಾಗಲಾರವು.

“ಹುಚ್ಚರ ಡಾಕ್ಟರು” ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳುತ್ತದೆ. ಹೇಳುವವರಿಗೆ ಒಂದು ಸಂಗತಿ ತಿಳಿಸಿ. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ‘ಲುನಾಟಿಕ್ ಅಸೈಲಂ’ ಎಂಬ ಸಂಸ್ಥೆ ಇತ್ತು. 1925ರಲ್ಲೇ ಆ ಹೆಸರನ್ನು ತೆಗೆದು ‘ಮೆಂಟಲ್ ಹಾಸ್ಪಿಟಲ್’ ಎಂದು ಬದಲಾಯಿಸಿದರು. ಅಂದರೆ ಇದು ಕೂಡಿಹಾಕುವ ಜಾಗವಲ್ಲ, ಗುಣಪಡಿಸುವ ಜಾಗ ಎಂದು ಮೈಸೂರು ಸಂಸ್ಥಾನದವರು ಆಗಲೇ ಒಪ್ಪಿದ್ದರು. ಅದೇ ಆಸ್ಪತ್ರೆ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ದೇಶಕ್ಕೇ ದೊಡ್ಡದಾದ ಆ ಸಂಸ್ಥೆ ಕನ್ನಡನಾಡಿನಲ್ಲಿದೆಯೆಂದು ಹೆಮ್ಮೆಪಡುವ ನಾವು ಮನೆಯ ಮಗಳನ್ನು ಮನೋವೈದ್ಯರ ಬಳಿ ಕಳಿಸಲು ಮಾತ್ರ ಅಳುಕುತ್ತೇವೆ. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಪಡೆಯದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇಕಡಾ 70ರಿಂದ 92ರವರೆಗೆ ಇತ್ತು. ಮದ್ದು ಇದ್ದೂ ಇಷ್ಟು ಜನ ನರಳುವುದು ಬಹುಮಟ್ಟಿಗೆ ಈ ಅಳುಕಿನಿಂದ.

ಮನೆಯಲ್ಲಿ ಹೇಳಲು ಸಾಧ್ಯವೇ ಇಲ್ಲವೆನಿಸಿದರೂ ದಾರಿ ಇದೆ. ಸರ್ಕಾರ 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಸಂಖ್ಯೆ 14416. ಹಗಲೂ ರಾತ್ರಿ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತನಾಡಬಹುದು, ಮರಾಠಿ, ಹಿಂದಿ, ಇಂಗ್ಲಿಷಿನಲ್ಲೂ ಮಾತನಾಡಬಹುದು. ಈ ಸಂಖ್ಯೆಯನ್ನು ಈಗಲೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರತಿಯೊಬ್ಬರಿಗೂ ಚಿಕಿತ್ಸೆಯ ಹಕ್ಕು ಕೊಟ್ಟಿದೆ. ನಿಮ್ಮ ಕಾಯಿಲೆಯ ವಿಷಯವನ್ನು ಗುಟ್ಟಾಗಿಡಬೇಕೆಂದೂ, ವಿಮಾ ಕಂಪನಿಗಳು ಮೈಯ ಕಾಯಿಲೆಗೆ ಕೊಡುವಂತೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದೂ ಅದು ಹೇಳುತ್ತದೆ.

ನಿಮ್ಮ ಗೆಳೆಯರ ಬಗೆಗೂ ಒಂದು ಮಾತು. ಹುಷಾರಾಗಿರುವುದು ನಮ್ಮೊಬ್ಬರದೇ ಲೆಕ್ಕವಲ್ಲ. ರಿಹರ್ಸಲಿಗೆ, ಕ್ರಿಕೆಟ್ಟಿಗೆ ತಪ್ಪದೆ ಬರುತ್ತಿದ್ದವನು ಎರಡು ಮೂರು ವಾರ ಬರಲಿಲ್ಲವೆಂದರೆ ಒಂದು ಫೋನ್ ಮಾಡಿ. “ಹುಷಾರಾಗಿದ್ದೀಯಾ?” ಎಂದು ಕೇಳಿ, ಕೇಳಿದ ಮೇಲೆ ಉತ್ತರಕ್ಕಾಗಿ ಸ್ವಲ್ಪ ಕಾಯಿರಿ. “ಎಲ್ಲಾ ಸರಿಹೋಗತ್ತೆ ಬಿಡು” ಎಂದು ಅವಸರಪಡಬೇಡಿ. “ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು” ಎಂಬಂಥ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ. ಅವರ ಮನೆಯ ಹಿರಿಯರಿಗೆ ತಿಳಿಸಿ, 14416ಕ್ಕೆ ಕರೆ ಮಾಡಿಸಿ, ಅಪಾಯ ಕಣ್ಣೆದುರಿಗಿದ್ದರೆ 112ಕ್ಕೆ ಕರೆ ಮಾಡಿ. “ಯಾರಿಗೂ ಹೇಳಬೇಡ” ಎಂದು ಆಣೆ ಹಾಕಿಸಿಕೊಂಡಿದ್ದರೂ ಸರಿ, ಆ ಒಂದು ಆಣೆಯನ್ನು ಮುರಿಯಿರಿ. ಸ್ನೇಹ ಕೆಟ್ಟರೆ ಆಮೇಲೆ ಕೂಡಿಸಬಹುದು, ಜೀವ ಹೋದರೆ ತರಲಾಗದು.

ಈ ಪತ್ರಿಕೆ ಓದುವ ಅಪ್ಪ ಅಮ್ಮಂದಿರಿಗೂ ಇಲ್ಲೇ ಒಂದು ವಿನಂತಿ. ಮಗ ಬಂದು ಹೇಳಿದಾಗ “ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ” ಎನ್ನಬೇಡಿ. ನಮ್ಮ ಕಾಲದಲ್ಲೂ ಇತ್ತು. ಆಗ ಅದಕ್ಕೆ ‘ಮೈಮೇಲೆ ಬಂದಿದೆ’, ‘ತಲೆ ಕೆಟ್ಟಿದೆ’, ‘ಅವಳದ್ದು ಯಾವಾಗಲೂ ಅಷ್ಟೇ’ ಎಂದೆಲ್ಲ ಬೇರೆ ಬೇರೆ ಹೆಸರಿತ್ತು, ಅಷ್ಟೇ. “ಎಷ್ಟು ದಿನದಿಂದ?” ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. ಆ ಒಂದು ಪ್ರಶ್ನೆ ಸಾಕು.

ಇನ್ನು ಈ ತಿಂಗಳ ಕೆಲಸ. ಗೋಡೆಯ ಕ್ಯಾಲೆಂಡರಿನಲ್ಲಿ ನಿಮ್ಮ ಸಂಕಲ್ಪಗಳಲ್ಲಿ ಎರಡನ್ನು ಮಾತ್ರ ಬರೆಯಿರಿ, ಮೈಗೆ ಒಂದು, ಮನಸ್ಸಿಗೆ ಒಂದು. ಮೈಗೆ ಹತ್ತು ನಿಮಿಷದ ನಡಿಗೆಯೋ ಹತ್ತೂವರೆಗೆ ಮಲಗುವುದೋ ಇರಲಿ. ಮನಸ್ಸಿಗೆ ವಾರಕ್ಕೊಮ್ಮೆ ಮನೆಯಲ್ಲಿ ಯಾರೊಂದಿಗಾದರೂ ಕನ್ನಡದಲ್ಲಿ ಕುಳಿತು ಮಾತನಾಡುವುದು ಇರಲಿ, ಮುರುಕು ಕನ್ನಡವಾದರೂ ಅಡ್ಡಿಯಿಲ್ಲ. ಮಾಡಿದ ದಿನ ಒಂದು ಗೆರೆ ಹಾಕಿ. ಬಿಟ್ಟುಹೋದ ದಿನಕ್ಕೆ ಮರುಗಬೇಡಿ, ಮರುದಿನ ಮುಂದುವರಿಸಿ. ನಮಗೆ ಒಂದು ಅನುಕೂಲವಿದೆ: ಕನ್ನಡಿಗರಿಗೆ ವರ್ಷಕ್ಕೆ ಎರಡು ಹೊಸ ವರ್ಷ. ಜನವರಿಯದು ಕೈತಪ್ಪಿದರೆ ಮಾರ್ಚಿನಲ್ಲೋ ಏಪ್ರಿಲಿನಲ್ಲೋ ಯುಗಾದಿ ಬಂದೇ ಬರುತ್ತದೆ. ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮೊದಲು ಕ್ಯಾಲೆಂಡರಿನ ಗೆರೆಗಳನ್ನು ಎಣಿಸಿ ನೋಡಿ. ಮೂವತ್ತು ಗೆರೆ ಇದ್ದರೂ ಅದು ಕಳೆದ ವರ್ಷಕ್ಕಿಂತ ಮೂವತ್ತು ಹೆಚ್ಚು.

ಯಾವ ಸಂಕಲ್ಪ ಮಾಡಿದಿರಿ, ಎಷ್ಟು ದಿನ ನಡೆಯಿತು ಎಂದು ಎರಡು ಸಾಲು ಬರೆದು ಸಂಘದ ಕಚೇರಿಗೆ ತಲುಪಿಸಿ. ಕನ್ನಡ ಬರೆಯಲು ಬಾರದವರು ಮನೆಯಲ್ಲಿ ಯಾರಿಂದಲಾದರೂ ಬರೆಸಿ, ಆ ನೆಪದಲ್ಲಾದರೂ ಒಂದಿಷ್ಟು ಮಾತಾಗಲಿ. ನಿಮಗೆಲ್ಲ ಹೊಸ ವರ್ಷದ ಶುಭಾಶಯಗಳು. ಹುಷಾರಾಗಿರಿ.